ತಗಡಿನ ಕೆಳಗೆ ಸುರಿದ ಜೋಳ

ಜೂನ್ ೮, ರವಿವಾರ

ಬರೆಯುವುದು ನನ್ನ ಕೆಲಸ ಅಲ್ಲ. ನಾಲ್ಕನೇ ಇಯತ್ತೆ ಅರ್ಧಕ್ಕೆ ಬಿಟ್ಟು ಬೀಡಿ ಅನ್ನುವ ಹಳ್ಳಿಯಿಂದ ಬೆಳಗಾವಿಗೆ ಬಂದವನು ನಾನು. ರವಿವಾರ ಪೇಟೆಯಲ್ಲಿ ನಲವತ್ತೆರಡು ವರ್ಷ ಚೀಲ ಹೊತ್ತೆ. ಬರೆದದ್ದು ಅಂದರೆ ಚೀಲದ ಮೇಲೆ ಮಸಿಯಲ್ಲಿ ಅಂಗಡಿಯ ಗುರುತು, ಅಷ್ಟೆ. ಎಪ್ಪತ್ತೊಂದರ ಮುದುಕನ ಕೈಗೆ ಪೆನ್ನು ಕೊಟ್ಟು ಗುಬ್ಬಿ ಎಣಿಸು, ಚಿಟ್ಟೆ ಎಣಿಸು ಅಂದರೆ ಇದಕ್ಕೇನು ಅನ್ನಬೇಕು?

ಎಲ್ಲ ಆ ಅಲಕಾಬಾಯಿಯ ಕಾರಭಾರ. ಮರಾಠಿ ಸಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಿಯಾದವಳು. ಇಡೀ ಓಣಿಯೇ ತನ್ನ ವರ್ಗ ಎಂದು ತಿಳಿದಿದ್ದಾಳೆ. ಹಳೇ ಬಾವಿಯ ಜಾಗದಲ್ಲಿ ಹದಿನೆಂಟು ಮನೆಯವರು ಕೂಡಿ ಮಾಡುವ ತೋಟಕ್ಕೆ ಅವಳೇ ಮುಖ್ಯಸ್ಥೆ. ಮನೆಗೊಂದು ಮಡಿ. ನನ್ನ ಮಡಿಯಲ್ಲಿ ಅರಿಶಿನ, ಮೆಣಸಿನಕಾಯಿ, ಗೆಣಸು. ಇವತ್ತು ಎಲ್ಲರಿಗೂ ಒಂದೊಂದು ನೋಟುಬುಕ್ಕು ಹಂಚಿದಳು.

"ತೋಟದಾಗ ಏನೇನ ಜೀವ ಕಾಣ್ತಾವು, ದಿನಾ ಬರೀರಿ ಬಾಳಪ್ಪಣ್ಣಾ. ಒಂದ ವರ್ಷದ್ದು ಕೂಡಿಸಿ ಪಾಲಿಕೆಗೆ ತೋರಸೂಣು. ಇದು ಖಾಲಿ ಬಿದ್ದ ಜಾಗಾ ಅಲ್ಲ ಅಂತ ಗೊತ್ತಾಗ್ಲಿ."

"ನನಗ ಬರ್ಯಾಕ ಬರೂದಿಲ್ಲ."

"ಬೈಯಾಕ ಬರ್ತದಲ್ಲಾ? ಹಂಗ ಬರೀರಿ. ಬುಕ್ಕು ನಿಮ್ದು, ನಾ ಓದೂದಿಲ್ಲ. ಶನಿವಾರಕ್ಕೊಮ್ಮೆ ಎಷ್ಟೆಷ್ಟು ಕಂಡ್ವು ಅಂತ ಬಾಯಿಲೆ ಹೇಳ್ರಿ, ಸಾಕು."

ಎಲ್ಲರೂ ನಕ್ಕರು. ಅವಳು ಓದುವುದಿಲ್ಲ ಅಂದಮೇಲೆ ನನಗೆ ಬೇಕಾದ್ದು ಬರೆಯುತ್ತೇನೆ.

ಗುಬ್ಬಿ ಇಪ್ಪತ್ತಾರು. ಕಾಗೆ ಎಣಿಸಲಿಲ್ಲ.

ಜೂನ್ ೧೧, ಬುಧವಾರ

ಗುಬ್ಬಿ ಮೂವತ್ತೊಂದು. ತಲೆಯ ಮೇಲೆ ಜುಟ್ಟು, ಬಾಲದ ಬುಡ ಕೆಂಪು ಇರುವ ಹಕ್ಕಿ ಎರಡು. ಬಾವಿಯ ಗೋಡೆಯಲ್ಲಿ ಗೂಬೆ ಒಂದು.

ಬೆಳಿಗ್ಗೆ ಐದೂವರೆಗೆ ಹೋಗಿ ಗುಬ್ಬಿಗೆ ಒಂದು ಸೇರು ಜೋಳ ಹಾಕಿದೆ. ನನ್ನ ಹೆಂಡತಿ ಸಿದ್ದಕ್ಕ ಇದ್ದಾಗ ಅಂಗಳದ ತೊಲೆಗೆ ಜೋಳದ ತೆನೆ ಕಟ್ಟುತ್ತಿದ್ದಳು, ಗುಬ್ಬಿಯ ಪಾಲು ಅಂತ. ಅವಳು ಹೋಗಿ ಎರಡು ವರ್ಷ. ಈಗ ತೆನೆ ಎಲ್ಲಿ ಹುಡುಕಲಿ? ಪೇಟೆಯಲ್ಲಿ ನನ್ನ ಜೊತೆ ಚೀಲ ಹೊತ್ತ ಬಂಡೆಪ್ಪ ಗೋದಾಮು ಗುಡಿಸಿದ ಕಾಳನ್ನು ನನಗಾಗಿ ತೆಗೆದಿಡುತ್ತಾನೆ. ಒಂದು ತೆನೆ ಎಲ್ಲಿ, ಒಂದು ಸೇರು ಎಲ್ಲಿ. ಅವಳ ಹೆಸರಿನಲ್ಲಿ ಕಡಿಮೆ ಆಗಬಾರದು.

ತೋಟದವರು ಯಾರಿಗೂ ಹೇಳಿಲ್ಲ. ಧರ್ಮ ಮಾಡಿ ಡಂಗುರ ಹೊಡೆಯಬಾರದು.

ಜೂನ್ ೧೫, ರವಿವಾರ

ಹಾವು. ಆರಡಿಗೆ ಕಡಿಮೆ ಇಲ್ಲ. ಅರಿಶಿನದ ಮಡಿಯಲ್ಲಿ ಕಳೆ ಕೀಳುತ್ತಿದ್ದೆ, ನನ್ನ ಬಲಪಾದದ ಮೇಲೆ ಹರಿದು ಹೋಯಿತು. ಅದರ ತಂಪು ಈಗಲೂ ಪಾದದ ಮೇಲಿದೆ. ಬೀಡಿಯಲ್ಲಿ ನನ್ನ ತಮ್ಮ ನಾಗಲಿಂಗ ಹಾವು ಕಚ್ಚಿ ಸತ್ತ. ಅವನಿಗೆ ಏಳು ವರ್ಷ. ಆ ಮಾತು ಬೇಡ.

ಖಾನಾಪುರದ ಚೇತನನಿಗೆ ಫೋನು ಮಾಡಿಸಿದೆ. ಹಾವು ಹಿಡಿಯುವವನು. ಅಲಕಾಬಾಯಿ ಅಡ್ಡ ಬಂದಳು.

"ಅಣ್ಣಾ, ಅದು ಧಾಮಣ. ಕೇರೆ ಹಾವು. ವಿಷ ಇಲ್ಲ. ಮೂರ ವರ್ಷದಿಂದ ಇಲ್ಲೇ ಐತಿ."

"ಮೂರ ವರ್ಷದಿಂದ ಗೊತ್ತಿದ್ದೂ ಸುಮ್ನ ಕುಂತೀರಿ?"

"ಅದು ಇದ್ದದ್ದಕ್ಕ ಇಲಿ ಇಲ್ಲ, ಅದನ್ನರ ತಿಳ್ಕೋರಿ."

"ಇಲಿ ಕಚ್ಚಿದ್ರ ಸಾಯೂದಿಲ್ರಿ ಬಾಯಾರ. ನಿಮ್ಮ ಪುಸ್ತಕದ ಶಾಣೇತನಾ ನಿಮ್ಮ ಮಡಿಯಾಗ ಇಟ್ಕೋರಿ."

ಚೇತನನೂ ತಲೆ ಕೆರೆದುಕೊಂಡ. "ಕಾಕಾ, ಇದು ಪಾಪದ ಹಾವರೀ. ಬಿಟ್ಟಬಿಡ್ರಿ," ಅಂದ. ನಾನು ಕೇಳಲಿಲ್ಲ. ಓಣಿಯ ಅಧ್ಯಕ್ಷ ಮಧುಕರರಾಯರೂ ನನ್ನ ಕಡೆ ಆದರು. ಚೀಲದಲ್ಲಿ ಹಾಕಿಸಿ ಗುಂಜಿಯ ಅಡವಿಗೆ ಕಳಿಸಿದೆ.

ಆ ಬಾಯಿ ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು. ಹೋಗಲಿ.

ಹಾವು ಒಂದು. ಈಗ ಇಲ್ಲ.

ಜೂನ್ ೨೭, ಶುಕ್ರವಾರ

ಎಂಟು ದಿನದಿಂದ ಮಳೆ ನಿಂತಿಲ್ಲ. ಬಯಲಲ್ಲಿ ಹಾಕಿದ ಕಾಳು ನೆನೆದು ಹುಳಿ ವಾಸನೆ. ನಲವತ್ತೆರಡು ವರ್ಷ ಕಾಳು ಹೊತ್ತವನು ನೆನೆದ ಕಾಳು ನೋಡಿ ಸುಮ್ಮನೆ ಇರಲಾರ. ಸಲಿಕೆ, ಬುಟ್ಟಿ ಇಡುವ ತಗಡಿನ ಛಪ್ಪರದ ಕೆಳಗೆ, ಮೂಲೆಯಲ್ಲಿ ಇಟ್ಟಿಗೆಯ ಮೇಲೆ ಗೋಣಿತಟ್ಟು ಹಾಸಿ ಅಲ್ಲಿ ಸುರಿದೆ. ಗುಬ್ಬಿ ಅಲ್ಲಿಗೇ ಬರುತ್ತವೆ. ಮಳೆಯಲ್ಲಿ ಅವಕ್ಕೆ ಬೇರೆ ಏನು ಸಿಗುತ್ತದೆ ಅಂತ ಎರಡು ಸೇರು ಹಾಕುತ್ತಿದ್ದೇನೆ. ಸಂಜೆಗೆ ಒಂದು ಕಾಳೂ ಉಳಿದಿರುವುದಿಲ್ಲ. ಎಷ್ಟು ಹಸಿವು ನೋಡು.

ಗುಬ್ಬಿ ನಲವತ್ತರ ಮೇಲೆ.

ಜುಲೈ ೧೨, ಶನಿವಾರ

ಗೆಣಸಿನ ಮಡಿ ಹಾಳಾಯಿತು. ಕೈ ಹೋಗುವಷ್ಟು ಬಿಲ. ಹೆಗ್ಗಣದ ಕೆಲಸ. ಒಂದೊಂದು ಗೆಣಸನ್ನೂ ಅರ್ಧ ತಿಂದು ಬಿಟ್ಟಿವೆ.

ಯಾಕೆ ಬಂದವು ಅಂತ ಬೇರೆ ಕೇಳಬೇಕೆ? ಛಪ್ಪರದಿಂದ ಹತ್ತು ಹೆಜ್ಜೆಗೆ ಅಲಕಾಬಾಯಿಯ ಗೊಬ್ಬರದ ಗುಂಡಿ. ಹದಿನೆಂಟು ಮನೆಯ ಸಿಪ್ಪೆ, ಮುಸುರೆ ಅಲ್ಲಿ ಬೀಳುತ್ತದೆ. ಎಲ್ಲರ ಎದುರಿಗೆ ಹೇಳಿದೆ, ನಿಮ್ಮ ಗುಂಡಿಯೇ ಹೆಗ್ಗಣದ ಮಾವನ ಮನೆ ಅಂತ.

"ಬೇಯಿಸಿದ್ದು ಏನೂ ಹಾಕೂದಿಲ್ಲಣ್ಣಾ. ಮ್ಯಾಲ ಮಣ್ಣ ಮುಚ್ಚತೀನಿ."

"ಮುಚ್ಚಿ ಏನ ಮಾಡ್ತೀರಿ? ಹೆಗ್ಗಣಕ್ಕ ಮಣ್ಣ ತೆಗ್ಯಾಕ ಬರೂದಿಲ್ಲೇನು?"

ಮಧ್ಯಾಹ್ನ ನೋಡಿದರೆ ಆಕೆ ಒಬ್ಬಳೇ ಕೂತು ಗುಂಡಿಗೆ ಸುತ್ತ ಕಲ್ಲು ಜೋಡಿಸುತ್ತಿದ್ದಳು. ಅರವತ್ನಾಲ್ಕು ವರ್ಷದ ಹೆಂಗಸು. ಬರಿಗಾಲು. ನಾನು ಮನೆಗೆ ಬಂದೆ.

ಜುಲೈ ೧೩, ರವಿವಾರ

ಜುಟ್ಟಿನ ಹಕ್ಕಿಗೆ ಬುಲ್‌ಬುಲ್ ಅನ್ನುತ್ತಾರಂತೆ. ನಿನ್ನೆ ಅಷ್ಟು ಬೈಸಿಕೊಂಡ ಮೇಲೂ ಲೆಕ್ಕ ಕೇಳುವುದು ಬಿಡಲಿಲ್ಲ ಆ ಬಾಯಿ.

ಜುಲೈ ೩೦, ಬುಧವಾರ

ನಿನ್ನೆ ಪಂಚಮಿ. ಸೊಸೆ ಕಾಂತಾ ಉಂಡಿ ಕಟ್ಟಿದಳು. ತೋಟದಲ್ಲಿ ನೀರು ಹೊರಗೆ ಹೋಗದೆ ಪಾದ ಮುಳುಗುವಷ್ಟು ನಿಂತಿದೆ. ಅಲಕಾಬಾಯಿ ಛಪ್ಪರದ ಹತ್ತಿರ ನೀರಿನಲ್ಲಿ ನಿಂತು ಕಾಲುವೆ ತೋಡುತ್ತಿದ್ದಳು. ಹಿಮ್ಮಡಿಯಲ್ಲಿ ಕಲ್ಲಿನ ಗಾಯ, ಅರಿವೆ ಸುತ್ತಿದ್ದಳು. ಯಾಕೋ ಕಣ್ಣು ಕೆಂಪಾಗಿದ್ದವು.

"ಮನಿಗೆ ಹೋಗಿ ಮಕ್ಕೋರಿ," ಅಂದೆ.

"ನೀವು ಇಷ್ಟ ಛಲೋ ಮಾತ ಆಡಿದ್ರ ನನಗ ಅಂಜಿಕಿ ಬರ್ತದ," ಅಂದಳು.

ಹೆಗ್ಗಣ ಹಗಲಲ್ಲೇ ಐದು ಕಂಡೆ. ಇಲಿ ಲೆಕ್ಕವಿಲ್ಲ.

ಆಗಸ್ಟ್ ೪, ಸೋಮವಾರ

ಅಲಕಾಬಾಯಿಯನ್ನು ದವಾಖಾನೆಗೆ ಹಾಕಿದ್ದಾರೆ. ನಾಲ್ಕು ದಿನದ ಜ್ವರ, ಮೀನಖಂಡ ಮುಟ್ಟಗೊಡುವುದಿಲ್ಲವಂತೆ. ಕಣ್ಣು ಹಳದಿ. ಮೂತ್ರ ಕಟ್ಟಿದೆ.

ಆಗಸ್ಟ್ ೫

ಇಲಿ ಜ್ವರ ಅಂದರು. ಇಲಿಯ ಉಚ್ಚೆ ಬಿದ್ದ ನೀರು ಗಾಯದಿಂದ ಒಳಗೆ ಹೋಗುತ್ತದಂತೆ.

ಆಗಸ್ಟ್ ೬, ಬುಧವಾರ

ವಾರ್ಡಿನ ಆರೋಗ್ಯ ಇನ್‌ಸ್ಪೆಕ್ಟರ್ ಬಂದಿದ್ದಳು, ರಾಧಿಕಾ ಅಂತ. ಮೊಣಕಾಲವರೆಗೆ ರಬ್ಬರ್ ಬೂಟು. ಗೊಬ್ಬರದ ಗುಂಡಿ ಕೆದರಿ ನೋಡಿದಳು, ಬಾವಿಯ ಸುತ್ತ ತಿರುಗಿದಳು. ಕೊನೆಗೆ ಛಪ್ಪರದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಗೋಣಿತಟ್ಟು ಎತ್ತಿದಳು. ಕೆಳಗೆ ಏಳು ಬಿಲ. ಬಿಲದ ಬಾಯಲ್ಲೆಲ್ಲ ಜೋಳದ ಹೊಟ್ಟು.

"ಅಜ್ಜಾರ, ಇಲ್ಲಿ ಕಾಳ ಯಾರ ಹಾಕ್ತಾರ್ರಿ?"

"ಏನ ಗೊತ್ತವಾ. ಹಕ್ಕಿ ತಂದಿರಬೇಕು."

"ಇಷ್ಟ?"

"ಹಕ್ಕಿ ಭಾಳ ಅದಾವು."

ಆಕೆ ನನ್ನ ಮುಖವನ್ನೇ ನೋಡಿದಳು. ನಾನು ತಗಡು ನೋಡಿದೆ.

ಗೋದಾಮಿನಲ್ಲಿ ಹೊಸ ಹುಡುಗರಿಗೆ ನಾನೇ ಹೇಳುತ್ತಿದ್ದೆ: ಒಂದು ಹಿಡಿ ಕಾಳು ನೆಲಕ್ಕೆ ಬಿಟ್ಟು ಮನೆಗೆ ಹೋದರೆ ನಾಳೆ ನಿಮ್ಮ ಬೆನ್ನಿನ ಚರ್ಮ ಸುಲಿಯುತ್ತೇನೆ, ಅದು ಇಲಿಗೆ ಕೊಟ್ಟ ಕರೆಯೋಲೆ ಅಂತ. ನಾನೇ ಹೇಳುತ್ತಿದ್ದೆ.

ಆಗಸ್ಟ್ ೭

ಜೋಳ ಹಾಕಲಿಲ್ಲ. ಗುಬ್ಬಿ ತಂತಿಯ ಮೇಲೆ ಸಾಲಾಗಿ ಕೂತಿದ್ದವು. ಎಣಿಸಲಿಲ್ಲ.

ಆಗಸ್ಟ್ ೧೦, ರವಿವಾರ

ಮಧುಕರರಾಯರ ಮನೆಯ ಪಡಸಾಲೆಯಲ್ಲಿ ಓಣಿಯ ಸಭೆ ಆಯಿತು. ತೋಟ ಕಿತ್ತುಹಾಕುವುದು, ಬಾವಿ ಮುಚ್ಚುವುದು, ಮೇಲೆ ಫರಸಿ ಕಲ್ಲು ಹಾಕಿ ಗಾಡಿ ನಿಲ್ಲಿಸುವುದು ಅಂತ ಮಾತು. ಅವರು ಹೇಳಿದ್ದು ತಪ್ಪು ಅನ್ನಲು ಬರುವುದಿಲ್ಲ. ಅವರ ಮನೆಯಲ್ಲೂ ಸಣ್ಣ ಮೊಮ್ಮಗಳಿದ್ದಾಳೆ.

"ಬಾಯಾರ ಮ್ಯಾಲ ನಂದೇನ ಸಿಟ್ಟಿಲ್ರೀ. ಆದ್ರ ಬಾಳಪ್ಪಾರು ಮದ್ಲ ಹೇಳಿದ್ರು, ಗುಂಡಿ ಬ್ಯಾಡಾ ಅಂತ. ಯಾರ ಕೇಳಿದ್ರು? ಹೌದಲ್ರಿ ಬಾಳಪ್ಪಾರ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಚಹಾ ಕುಡಿದೆ.

ಮನೆಗೆ ಬಂದಮೇಲೆ ಕಾಂತಾ ಕೇಳಿದಳು, "ಮಾವಾರ, ಸಂತ್ಯಾಗೂ ಜಗಳಾ ಬಿಡದವರು, ಇವತ್ತ ಯಾಕ ಹಂಗ ಕುಂತ್ರಿ? ಆರಾಮ ಇಲ್ಲೇನ್ರಿ?" ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಆಗಸ್ಟ್ ೧೧, ಸೋಮವಾರ

ಈ ಬುಕ್ಕನ್ನು ಮೊದಲಿನಿಂದ ಓದಿದೆ. ನನ್ನ ಅಕ್ಷರ ಓದಲು ನಾನೇ ತಡವರಿಸಿದೆ. ಜೂನ್ ೧೫, ಹಾವು ಹೋಯಿತು. ಜೂನ್ ೨೭, ಜೋಳ ತಗಡಿನ ಕೆಳಗೆ. ಜುಲೈ ೧೨, ಹೆಗ್ಗಣ. ಜುಲೈ ೩೦, ಅಲಕಾಬಾಯಾರು ನೀರಿನಲ್ಲಿ ನಿಂತಿದ್ದರು, ಅದೇ ತಗಡಿನ ಪಕ್ಕ. ನಾಲ್ಕನೇ ಇಯತ್ತೆಯವನಿಗೂ ಬರುವ ಲೆಕ್ಕ. ಆ ನಾಲ್ಕು ಹಾಳೆ ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಬೆರಳಲ್ಲಿ ಹಿಡಿದೆ. ಹೊಲಿಗೆ ಗಟ್ಟಿ ಇದೆ ಈ ಬುಕ್ಕಿನದು.

ಆಗಸ್ಟ್ ೧೩

ಬಾಯಾರಿಗೆ ಮೂತ್ರ ಸರಿಯಾಗಿ ಆಗುತ್ತಿದೆಯಂತೆ. ಕಾಂತಾ ಹೇಳಿದಳು. ಎರಡು ಸಲ ಕೇಳಿಸಿಕೊಂಡೆ.

ಆಗಸ್ಟ್ ೨೦, ಬುಧವಾರ

ಬಾಯಾರು ದವಾಖಾನೆಯಿಂದ ಬಿಡುಗಡೆಯಾಗಿ ಖಾನಾಪುರದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಬೆಳಿಗ್ಗೆ ಬಸ್ಸು ಹತ್ತಿದೆ. ಖಾನಾಪುರದಲ್ಲಿ ಇಳಿದವನು ಸೀದಾ ಅವರ ಮನೆಗೆ ಹೋಗದೆ ಚೇತನನ ಮನೆ ಹುಡುಕಿದೆ. ಕಾಲು ಆ ಕಡೆ ಹೋದವು.

"ಆ ಹಾವು ವಾಪಸ ಬೇಕು," ಅಂದೆ.

ಅವನು ಹಲ್ಲುಜ್ಜುತ್ತಿದ್ದವನು ಬಾಯಿ ತೊಳೆಯುವುದನ್ನೂ ಮರೆತ. "ಕಾಕಾ, ಅದೇನ ಅಂಗಡಿ ಸಾಮಾನೇನ್ರಿ, ಬ್ಯಾಡಾತು ಅಂದ್ರ ಕೊಡಾಕ, ಬೇಕಾತು ಅಂದ್ರ ತರಾಕ?"

"ಬಿಟ್ಟ ಜಾಗಾ ತೋರ್ಸು."

"ಎರಡ ತಿಂಗಳಾತ್ರೀ! ನಿಮ್ಮ ಹಾದಿ ಕಾಯ್ಕೋತ ಕುಂತಿರತೈತೇನು ಅದು?"

ಆದರೂ ಗಾಡಿಯ ಹಿಂದೆ ಕೂರಿಸಿಕೊಂಡು ಗುಂಜಿಗೆ ಕರೆದುಕೊಂಡು ಹೋದ. ಸ್ಟೇಶನ್ ದಾಟಿ ಅಡವಿ ಶುರುವಾಗುವಲ್ಲಿ ಒಂದು ಹಳ್ಳ. ಕೆಂಪು ನೀರು ಹರಿಯುತ್ತಿತ್ತು. ಅವನು ಒಂದು ಬಿದಿರಿನ ಮೆಳೆ ತೋರಿಸಿದ.

"ಇಲ್ಲೇ ಬಿಟ್ಟೆ. ಚೀಲದ ಬಾಯಿ ತೆಗದ ಮ್ಯಾಲೂ ಭಾಳೊತ್ತ ಹೊರಗ ಬರಲಿಲ್ಲ."

"ಬದುಕಿರತೈತೇನು?"

"ಖರೇ ಹೇಳ್ಲಿ? ಕಡಿಮಿ. ಅದಕ್ಕೂ ತನ್ನ ಓಣಿ ಅಂತ ಇರತೈತಿ ಕಾಕಾ. ಬಿಲ ಎಲ್ಲೈತಿ, ನೀರ ಎಲ್ಲೈತಿ, ಯಾರಿಗೆ ಅಂಜಬೇಕು, ಎಲ್ಲಾ ಗೊತ್ತಿರತೈತಿ. ಹೊಸಾ ಜಾಗಾದಾಗ ಏನೂ ಗೊತ್ತಿರೂದಿಲ್ಲ. ಅದಕ್ಕ ಅವತ್ತ ಬಿಟ್ಟಬಿಡ್ರಿ ಅಂದಿದ್ದೆ."

ಹತ್ತು ವರ್ಷದವನಿದ್ದಾಗ ಬೀಡಿಯಿಂದ ಬಂದು ರವಿವಾರ ಪೇಟೆಯ ನಡುವೆ ನಿಂತಿದ್ದೆ, ಎತ್ತಿನ ಗಾಡಿಗಳ ನಡುವೆ, ಯಾವ ಕಡೆ ಸರಿಯಬೇಕು ತಿಳಿಯದೆ. ಅದು ಯಾಕೆ ನೆನಪಾಯಿತೋ. ಮೆಳೆಯ ಬುಡದಲ್ಲಿ ಒಂದು ಉಡ ಕಂಡಿತು. ಉಡ ಒಂದು.

ಆಮೇಲೆ ಬಾಯಾರ ತಮ್ಮನ ಮನೆ. ಬಾಯಾರು ಖುರ್ಚಿಯಲ್ಲಿ ಕೂತಿದ್ದರು, ಅರ್ಧ ಆಗಿದ್ದರು. ನನ್ನನ್ನು ನೋಡಿ ನಕ್ಕರು.

"ಬರ್ರಿ ಅಣ್ಣಾ, ಕುಂದರ್ರಿ. ಗೂಬೆ ಐತೇನು ಬಾವ್ಯಾಗ?"

"ಐತಿ."

"ಬುಲ್‌ಬುಲ್ ಮರಿ ಮಾಡಿತ್ತಲ್ಲಾ, ಹಾರಿದ್ವೇನು?"

"ಹಾರಿದ್ವು."

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು. ಮಧುಕರರಾಯರು ಬಂದು ಹೋದರಂತೆ. ತೋಟ ಮುಚ್ಚಲು ಮುಖ್ಯಸ್ಥೆಯಾಗಿ ತನ್ನ ಒಪ್ಪಿಗೆ ಇದೆ, ಗೊಬ್ಬರದ ಗುಂಡಿಯ ತಪ್ಪು ತನ್ನದೇ ಅಂತ ಪತ್ರ ಬರೆದು ಸಹಿ ಹಾಕಿ ಕೊಟ್ಟಿದ್ದಾರಂತೆ.

"ನೀವು ಹೇಳಿದ್ದ ಖರೇ ಆತು ಅಣ್ಣಾ. ನಲವತ್ತ ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದಾಕಿ ನಾನು. ನನ್ನ ಗುಂಡಿಯಿಂದ ಬ್ಯಾರೆ ಯಾರ ಮಗೂನರ ಹೋಗಿತ್ತಂದ್ರ? ಬ್ಯಾಡ. ನಾ ಇನ್ನ ಆ ಕಡೆ ಬರೂದಿಲ್ಲ."

ಅವರ ತಮ್ಮನ ಹೆಂಡತಿ ಅವಲಕ್ಕಿ ತಂದಿಟ್ಟಳು. ನಾನು ತಿಂದೆ. ಪೇಟೆಯಲ್ಲಿ ಸಾವಕಾರರ ಮುಖಕ್ಕೆ ಹೊಡೆದಂತೆ ಮಾತಾಡಿದವನು, ಅವಲಕ್ಕಿ ತಿಂದು, ನೀರು ಕುಡಿದು, ಬರ್ತೀನ್ರಿ ಅಂತ ಎದ್ದು ಬಂದೆ.

ಆಗಸ್ಟ್ ೨೧, ಗುರುವಾರ

ರಾಧಿಕಾಳ ಆಫೀಸಿಗೆ ಹೋದೆ. "ಆ ಕಾಳು ನಂದು," ಅಂದೆ. ನಿಂತೇ ಹೇಳಿದೆ, ಕೂರಲಿಲ್ಲ.

"ಗೊತ್ತಿತ್ರೀ ಅಜ್ಜಾರ," ಅಂದಳು. "ನಿಮ್ಮ ಅಂಗಿ ಕಿಸೆದಾಗ ಅವತ್ತ ಜೋಳ ಇತ್ತು."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಮಾಡಬೇಕಾದ್ದು ಹೇಳಿದಳು. ನೆಲದ ಮೇಲೆ ಒಂದು ಕಾಳೂ ಬೀಳಬಾರದು. ನೀರು ನಿಲ್ಲಬಾರದು. ಗೊಬ್ಬರಕ್ಕೆ ಜಾಳಿಗೆ ಮುಚ್ಚಳ ಬೇಕು. ಬಿಲ ಮುಚ್ಚಿಸುವುದು ತನ್ನ ಕೆಲಸ. ಬೂಟಿಲ್ಲದೆ ಯಾರೂ ಒಳಗೆ ಕಾಲಿಡಬಾರದು. "ವಿಷಾ ಇಡಬ್ಯಾಡ್ರಿ, ಅದನ್ನ ತಿಂದ ಇಲೀನ ತಿಂದು ಗೂಬೆ ಸಾಯತೈತಿ. ಇಷ್ಟ ಮಾಡಿದ್ರ ತೋಟಾ ಮುಚ್ಚೂ ಕಾರಣ ನನಗ ಕಾಣೂದಿಲ್ಲ. ಆದ್ರ ಇಡೂದು ಬಿಡೂದು ನಿಮ್ಮ ಓಣಿಯವರದು."

ಆಗಸ್ಟ್ ೨೨, ಶುಕ್ರವಾರ

ಮಧುಕರರಾಯರಿಗೆ ಹೇಳಿದೆ. ಅವರು ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದರು.

"ಬಾಳಪ್ಪಾರ, ದೊಡ್ಡ ಮನಸ್ಸ ನಿಮ್ದು. ಬಾಯಾರ ಮರ್ಯಾದಿ ಉಳಸಾಕ ನಿಮ್ಮ ತಲಿ ಮ್ಯಾಲ ತಗೋತೀರಿ. ಆದ್ರ ಅವರ ಸಹಿ ಮಾಡಿ ಕೊಟ್ಟಾರಲ್ರೀ. ಎರಡ ಹಿಡಿ ಜೋಳಕ್ಕ ಯಾರರ ಹಾಸಿಗಿ ಹಿಡೀತಾರೇನು?"

"ಎರಡ ಹಿಡಿ ಅಲ್ಲ, ಎರಡ ಸೇರು!" ಅಂತ ಕೂಗಿದೆ. ಅವರ ಮೊಮ್ಮಗಳು ಅಳತೊಡಗಿದಳು.

ಖರೆ ಹೇಳಿದರೆ ನಂಬುವುದಿಲ್ಲ. ಎಂಥ ಜನ. ಗಣಪತಿ ಮುಗಿದ ಮೇಲೆ, ಸೆಪ್ಟೆಂಬರ್ ೮ಕ್ಕೆ ಜೆಸಿಬಿ ಬರುತ್ತದೆ ಅಂದರು. ಬಾಯಾರ ಪತ್ರ ಬಾಯಾರೇ ಹಿಂದೆ ತೆಗೆದುಕೊಂಡರೆ ಮಾತ್ರ ಮತ್ತೆ ಸಭೆ.

ಆಗಸ್ಟ್ ೨೬, ಮಂಗಳವಾರ

ನಾಲ್ಕು ದಿನ ಕೆಲಸ. ಕಾಂತಾ ಬೂಟು ತಂದುಕೊಟ್ಟಳು, ಕಾಲು ಬೇಯುತ್ತವೆ. ಬಾಯಾರು ಅರ್ಧ ತೋಡಿದ ಕಾಲುವೆಯನ್ನು ಬಾವಿಯ ಹಿಂದಿನ ಗಟಾರದವರೆಗೆ ತೋಡಿ ಮುಗಿಸಿದೆ. ಛಪ್ಪರದ ಕೆಳಗೆ ಗುಡಿಸಿ ಕಲ್ಲು ಹಾಸಿದೆ. ರಾಧಿಕಾಳ ಆಳುಗಳು ಬಿಲ ಮುಚ್ಚಿದರು. ಗುಂಡಿಗೆ ಜಾಳಿಗೆ ಕೂರಿಸಿದೆ. ಅವರು ಜೋಡಿಸಿದ ಕಲ್ಲು ಒಂದೂ ಅಲುಗಿರಲಿಲ್ಲ, ಎಷ್ಟು ಅಚ್ಚುಕಟ್ಟು.

ಬಂಡೆಪ್ಪನಿಗೆ ಗುಡಿಸಿದ ಕಾಳು ಬೇಡ ಅಂದೆ. ಅವನು ಬೀಡಿ ಕಡೆಯ ಒಬ್ಬರ ಅಟ್ಟದಿಂದ ಹಿಂಗಾರಿಯ ಹಳೇ ತೆನೆ ಒಂದು ಕಟ್ಟು ತರಿಸಿಕೊಟ್ಟ. ಒಂದೇ ಒಂದು ತೆನೆಯನ್ನು ಎತ್ತರದ ತಂತಿಗೆ ಸಣ್ಣ ದಾರದಲ್ಲಿ ಕಟ್ಟಿದೆ, ಕೆಳಗೆ ಬುಟ್ಟಿ ಇಟ್ಟೆ. ಸಿದ್ದಕ್ಕ ಹಾಗೇ ಬುಟ್ಟಿ ಇಡುತ್ತಿದ್ದಳು. ಉದುರಿದ್ದನ್ನು ಸಂಜೆ ಮನೆಯೊಳಗೆ ಒಯ್ಯುತ್ತಿದ್ದಳು. ಯಾಕೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ಗುಬ್ಬಿ ಹನ್ನೊಂದು. ಕಾಗೆ ನಾಲ್ಕು. ಹಗಲಲ್ಲಿ ಹೆಗ್ಗಣ ಇಲ್ಲ. ಹಾವು ಇಲ್ಲ.

ಆಗಸ್ಟ್ ೩೦, ಶನಿವಾರ

ಅಲಕಾಬಾಯಾರಿಗೆ.

ಇವತ್ತು ಶನಿವಾರ, ಲೆಕ್ಕ ಒಪ್ಪಿಸುವ ದಿನ. ಬಾಯಿಂದ ಹೇಳಲು ಆಗಲಿಲ್ಲ, ಅದಕ್ಕೆ ಬುಕ್ಕನ್ನೇ ಕಳಿಸುತ್ತಿದ್ದೇನೆ. ಚೇತನ ತಂದುಕೊಡುತ್ತಾನೆ. ನೀವು ಓದುವುದಿಲ್ಲ ಅಂದಿದ್ದಿರಿ. ಈಗ ಓದಬೇಕು. ಮೊದಲ ಹಾಳೆಯಿಂದ. ನಿಮ್ಮನ್ನು ಬೈದದ್ದೂ ಹಾಗೇ ಇದೆ, ಒಂದು ಹಾಳೆಯೂ ಹರಿದಿಲ್ಲ.

ಅವತ್ತು ಅವಲಕ್ಕಿ ತಿನ್ನುತ್ತ ಹೇಳಬೇಕಾದ್ದು ಇದು. ತಪ್ಪು ನಿಮ್ಮ ಗುಂಡಿಯದಲ್ಲ. ಹಾವು ಓಡಿಸಿದವನು ನಾನು. ಇಲಿಗೆ ಉಣ್ಣಲು ಇಟ್ಟವನು ನಾನು. ಸಭೆಯಲ್ಲಿ ಬಾಯಿ ಮುಚ್ಚಿ ಚಹಾ ಕುಡಿದವನೂ ನಾನೇ. ನನ್ನ ಮಾತನ್ನು ಮಧುಕರರಾಯರು ನಂಬುವುದಿಲ್ಲ, ತಾರೀಖು ಹಾಕಿ ಬರೆದದ್ದನ್ನು ನಂಬಬೇಕಾಗುತ್ತದೆ. ಬರೆಯಲು ಹಚ್ಚಿದವರು ನೀವು.

ನನ್ನನ್ನು ಕ್ಷಮಿಸಿ ಅಂತ ಕೇಳುತ್ತಿಲ್ಲ. ಅದು ಬೇರೆ ಮಾತು, ನಿಮಗೆ ಬಿಟ್ಟದ್ದು. ಮಾಡದ ತಪ್ಪಿಗೆ ಸಹಿ ಹಾಕಿದ್ದೀರಿ, ಆ ಪತ್ರ ವಾಪಸು ತೆಗೆದುಕೊಳ್ಳುತ್ತೀರೋ ಇಲ್ಲವೋ? ಸೆಪ್ಟೆಂಬರ್ ೮, ಸೋಮವಾರ ಜೆಸಿಬಿ ಬರುತ್ತದೆ. ಬಾವಿಯಲ್ಲಿ ಗೂಬೆ ಇದೆ.

ಸೆಪ್ಟೆಂಬರ್ ೫, ಶುಕ್ರವಾರದೊಳಗೆ ಉತ್ತರ ಬೇಕು.

ಬಾಳಪ್ಪ